ಉಳ್ಳಾಲದ ದಂಡೆಯ ಜಮಾಖರ್ಚು

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿಯಲ್ಲಿರುವ ನಮಗೆ ರೈಲುಗಾಡಿಯ ಚಿಂತೆ; ಉಳ್ಳಾಲದಲ್ಲಿರುವ ನಮ್ಮವರಿಗೆ ಮನೆಯ ಚಿಂತೆ. ಮೊಗವೀರಪಟ್ಣ, ಕೋಟೆಪುರ, ಸೋಮೇಶ್ವರ, ಉಚ್ಚಿಲ – ಈ ಹೆಸರುಗಳು ಕಡಲ್ಕೊರೆತದ ವರ್ತಮಾನದೊಡನೆಯೇ ನಮ್ಮ ಕಿವಿಗೆ ಬೀಳುವಂತಾಗಿದೆ. ತೆಂಗು ಉರುಳಿತು, ಅಂಗಳ ಹೋಯಿತು, ಗೋಡೆ ಬಿರಿಯಿತು ಎಂಬ ಸುದ್ದಿಯನ್ನು ಹೋಟೆಲಿನ ಗಲ್ಲಾದ ಬಳಿ ನಿಂತು ಕೇಳುವವನಿಗೆ, ತಾನು ತಿಂಗಳು ತಿಂಗಳೂ ಕಳುಹಿಸಿದ ಹಣದಿಂದ ಎದ್ದ ಗೋಡೆ ಅದೆಂಬುದನ್ನು ಬೇರೊಬ್ಬರು ಹೇಳಬೇಕಾಗಿಲ್ಲ.

ಕಡಲು ಮುನಿಯಿತೆಂದು ಹಿರಿಯರು ಹೇಳುವುದುಂಟು. ಮುನಿಸಿಗೆ ಕಾರಣವನ್ನು ಬಹುಮಟ್ಟಿಗೆ ನಾವೇ ಒದಗಿಸಿದ್ದೇವೆಂದು ನಮ್ಮ ಅಭಿಪ್ರಾಯ. ದಂಡೆಯ ಮರಳು ಒಂದೆಡೆ ಕೂಡ್ರುವ ವಸ್ತುವಲ್ಲ. ನದಿಗಳು ಅದನ್ನು ತಂದು ಸುರಿಯುತ್ತವೆ. ಅಲೆಗಳು ದಂಡೆಯುದ್ದಕ್ಕೂ ಸಾಗಿಸುತ್ತವೆ. ಮಳೆಗಾಲದ ತೆರೆ ಒಳಕ್ಕೆಳೆದುದನ್ನು ಬೇಸಗೆಯ ಶಾಂತ ತೆರೆ ಮರಳಿ ತಂದೊಪ್ಪಿಸುತ್ತದೆ. ಇದೊಂದು ಜಮಾಖರ್ಚಿನ ಲೆಕ್ಕ, ಗುಮಾಸ್ತರಿಗೆ ವಿವರಿಸಬೇಕೆ? ಉಳ್ಳಾಲದ ಉತ್ತರಕ್ಕೆ ನೇತ್ರಾವತಿ, ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ದೋಣಿಗಳ ಹಾದಿಗಾಗಿ ಅಲ್ಲಿ ಕಲ್ಲಿನ ತಡೆಗೋಡೆಗಳು ಎದ್ದವು. ಮೇಲೆ ತುಂಬೆಯಲ್ಲಿ ಕಟ್ಟೆ ಬಂದಿತು. ನದೀಪಾತ್ರದ ಮರಳು ಲಾರಿಯೇರಿತು. ಜಮೆ ಕುಗ್ಗಿತು, ಖರ್ಚು ನಿಲ್ಲಲಿಲ್ಲ.

ಮೊದಲು ಹೂಡಿದ ಉಪಾಯ ಕಲ್ಲು ಸುರಿಯುವುದು. ಆದರೆ ಗೋಡೆಗೆ ಬಡಿದ ಅಲೆ ಹಿಂತಿರುಗುವಾಗ ಅದರ ಬುಡದ ಮರಳನ್ನೇ ಕೊಂಡೊಯ್ಯುತ್ತದೆ. ಗೋಡೆ ಮುಗಿದಲ್ಲಿ ನೆರೆಯವನ ದಂಡೆಗೆ ಕೊರೆತ ಹತ್ತುತ್ತದೆ. (ಮರೀನ್ ಡ್ರೈವಿನಲ್ಲಿ ನಾವು ಸಂಜೆ ಕುಳಿತು ನೋಡುವ ನಾಲ್ಕು ಕಾಲಿನ ಕಾಂಕ್ರೀಟ್ ಗಡ್ಡೆಗಳು ಅಲೆಯ ಬಲವನ್ನು ಸಂದುಗಳಲ್ಲಿ ಒಡೆಯಲೆಂದೇ ಇಟ್ಟವು.) 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಸಾಲಕ್ಕೆ ಒಪ್ಪಿದ ತರುವಾಯ ಉಳ್ಳಾಲದಲ್ಲಿ ಬೇರೆ ಕ್ರಮ ನಡೆಯಿತು: ಅಲೆ ದಡ ಮುಟ್ಟುವ ಮೊದಲೇ ಸೊರಗಲೆಂದು ಕಡಲೊಳಗೆ ಕೃತಕ ಬಂಡೆಸಾಲು, ದಡದ ಬಳಿ ತಡೆದಿಣ್ಣೆಗಳು. ಅದಾದ ಮೇಲೂ ಸೋಮೇಶ್ವರ, ಉಚ್ಚಿಲಗಳ ಕಡೆ ಕೊರೆತ ನಿಲ್ಲಲಿಲ್ಲ.

ಕಾಯಿದೆಯೂ ಇದೆ. ಉಬ್ಬರದ ಗೆರೆಯಿಂದ 500 ಮೀಟರುಗಳವರೆಗೆ 1991ರ ಕೇಂದ್ರ ಅಧಿಸೂಚನೆ ಕಟ್ಟುಪಾಡು ವಿಧಿಸಿತು. ಹಳ್ಳಿಗಾಡಿನಲ್ಲಿ 200 ಮೀಟರು ಇದ್ದ ನಿರ್ಮಾಣನಿಷೇಧವನ್ನು, ಜನ ಹೆಚ್ಚಿರುವ ಊರುಗಳಿಗೆ 2019ರಲ್ಲಿ 50 ಮೀಟರಿಗೆ ಇಳಿಸಲಾಯಿತು. ಈ ರಿಯಾಯಿತಿ ನಮಗೆ ರುಚಿಸದು. ಊರಿನಲ್ಲೊಂದು ಮನೆಗೆಂದು ಹಣ ಕೂಡಿಸುತ್ತಿರುವ ನಮ್ಮವರು, ಅಡಿಪಾಯಕ್ಕೆ ಮುನ್ನ ಕಡಲಿನ ದೂರವನ್ನು ಅಳೆಯಿಸಲಿ. ಬೇಸಗೆಯ ರಜೆಯಲ್ಲಿ ಅಳೆದರೆ ಸಾಲದು. ಆಟಿಯಲ್ಲಿ ಅಳೆಯಿಸಬೇಕು, ಆಗ ದಂಡೆಯ ಅಗಲ ಬೇರೆಯೇ ಆಗಿರುತ್ತದೆ.