ಅಮೃತಬಳ್ಳಿ ಮಾರೋ ಮುಂಚೆ ಇದನ್ನೊಮ್ಮೆ ಓದಿ

ಟಿ. ದಾಸರಹಳ್ಳಿಯ ನಮ್ಮ ಮನೆ ಹಿಂದಿನ ಬೇವಿನ ಮರಕ್ಕೆ ಹಬ್ಬಿರೋ ಅಮೃತಬಳ್ಳಿ ಅಜ್ಜಿ ಕಾಲದ್ದು. ಯಾರಿಗಾದರೂ ಜ್ವರ ಬಂದರೆ ಅಜ್ಜಿ ಗೇಣುದ್ದ ಕಾಂಡ ಕತ್ತರಿಸಿ, ಜಜ್ಜಿ, ಶುಂಠಿ ಮೆಣಸು ಹಾಕಿ ಕಷಾಯ ಕಾಯಿಸೋರು. ಎರಡು ಮೂರು ದಿನ, ಅಷ್ಟೇ. ಜ್ವರ ಬಿಟ್ಟರೆ ಕಷಾಯವೂ ಬಂದ್.

2020ರಲ್ಲಿ ಕೊರೊನಾ ಬಂದಾಗ ಈ ಬಳ್ಳಿಗೆ ಎಲ್ಲಿಲ್ಲದ ಬೇಡಿಕೆ. ನಾನೂ ಸೊಪ್ಪಿನ ಜೊತೆ ಕಟ್ಟು ಮಾಡಿ ಮಾರಿದೆ. ‘ದಿನಾ ಒಂದು ಲೋಟ ಕುಡಿಯಿರಿ’ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದವನೂ ನಾನೇ. ಪಕ್ಕದ ಬೀದಿಯ ಅಂಕಲ್ ಒಬ್ಬರು, ಪೀಣ್ಯದಲ್ಲಿ ದುಡಿದು ರಿಟೈರ್ ಆದವರು, ಮೂರು ತಿಂಗಳು ತಪ್ಪದೆ ಕುಡಿದರು. ಕಣ್ಣು ಹಳದಿಯಾಯಿತು. ಡಾಕ್ಟರು ಕಷಾಯ ನಿಲ್ಲಿಸಿದ ಮೇಲೆ ನಿಧಾನಕ್ಕೆ ಸುಧಾರಿಸಿಕೊಂಡರು. ‘ಓದಿದ ಹುಡುಗ ಅಂತ ನಂಬಿದ್ನಲ್ಲಪ್ಪಾ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2021ರಲ್ಲಿ ಮುಂಬೈ ವೈದ್ಯರು ಇಂಥದ್ದೇ ಆರು ಪ್ರಕರಣ ಪ್ರಕಟಿಸಿದರು. ಲಿವರ್ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದಂಥ ಲಕ್ಷಣ ಅವರಿಗೆ ಕಂಡಿತ್ತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಇದೇ ಜಾತಿಯ ಟಿನೋಸ್ಪೊರಾ ಕ್ರಿಸ್ಪಾವನ್ನು ಅಮೃತಬಳ್ಳಿ ಅಂದುಕೊಂಡು ಬಳಸಿರಬಹುದು ಎಂದಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿಯೂ ಬಂತು.

ಹಾಗಾಗಿ ಮೊದಲು ಗುರುತು ಸರಿ ಮಾಡ್ಕೊಳ್ಳಿ. ಎಲೆ ನೋಡಿ ತೀರ್ಮಾನ ಬೇಡ, ಎರಡರ ಎಲೆಯೂ ಹೃದಯದ ಆಕಾರವೇ. ಕಾಂಡ ನೋಡಿ. ಕ್ರಿಸ್ಪಾ ಕಾಂಡದ ತುಂಬಾ ನರುಳ್ಳೆ ಥರ ಗಂಟುಗಳಿರುತ್ತವೆ, ಮುರಿದರೆ ಹಾಲಿನಂಥ ರಸ ಬರುತ್ತೆ. ಅಮೃತಬಳ್ಳಿಯಲ್ಲಿ ಇವೆರಡೂ ಇಲ್ಲ. ಮೇಲಿನ ತೆಳು ಸಿಪ್ಪೆ ಕಾಗದದಂತೆ ಎದ್ದು ಬರುತ್ತೆ, ಒಳಗೆ ಹಸಿರು. ಹಣ್ಣು ಗುಂಡಗೆ, ಕೆಂಪಗೆ. ಅನುಮಾನ ಇದ್ದರೆ ಯಲಹಂಕ ಹತ್ತಿರ ಜಾರಕಬಂಡೆ ಕಾವಲಿನ ಟಿಡಿಯು ಸಂಸ್ಥೆಯಲ್ಲಿ ಔಷಧಿ ಗಿಡಗಳ ತೋಟ, ಹರ್ಬೇರಿಯಂ ಎರಡೂ ಇವೆ.

ನಮ್ಮ ಬಳ್ಳಿ ಅಸಲಿಯೇ. ಕ್ರಿಸ್ಪಾ ಮೇಲೆ ಹಾಕಿ ಕೈ ತೊಳೆದುಕೊಳ್ಳೋಕೆ ನನಗಂತೂ ಆಗಲ್ಲ.

ಬೆಳೆಯೋದು ಕಷ್ಟವೇ ಅಲ್ಲ. ಸಂಸ್ಕೃತದಲ್ಲಿ ಇದಕ್ಕೆ ಛಿನ್ನರುಹಾ ಅಂತಾರೆ, ಕಡಿದರೂ ಚಿಗುರೋದು ಅಂತ ಅರ್ಥ. ಮುಂಗಾರಿನ ಹೊತ್ತಿಗೆ ಎರಡು ಮೂರು ಗೆಣ್ಣಿರೋ ಬಲಿತ ಕಡ್ಡಿ ನೆಟ್ಟು ಆಸರೆ ಕೊಟ್ಟರೆ ಸಾಕು. ಮಾರೋದೇ ಕಷ್ಟ. ಈಗ ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ತೀನಿ: ಲಿವರ್ ತೊಂದರೆ, ಥೈರಾಯ್ಡ್, ಸಂಧಿವಾತ ಇರೋರು, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಕುಡೀಬೇಡಿ, ಬೇರೆಯವರೂ ತಿಂಗಳುಗಟ್ಟಲೆ ಬೇಡ. ಕಣ್ಣು, ಮೂತ್ರ ಹಳದಿಯಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಕಷಾಯದ ವಿಷಯ ಮುಚ್ಚಿಡಬೇಡಿ.

ಚೀಟಿ ಓದಿ ಕಟ್ಟು ವಾಪಸ್ ಇಟ್ಟು ಹೋಗೋರು ಇದ್ದಾರೆ. ಅಂಕಲ್ ಈಗಲೂ ನನ್ನ ಹತ್ತಿರಾನೇ ಸೊಪ್ಪು ತಗೋತಾರೆ, ಬಳ್ಳಿ ಮಾತ್ರ ಮುಟ್ಟಲ್ಲ.