ಅಜ್ಜನ ಕೈಗೆ ಮೊಬೈಲ್ ಬಂತು, ಆದ್ರೆ ಕಲಿಸೋರು ಯಾರು?

ದಾವಣಗೆರೆ/ಹರಿಹರ: ಮಗ ಬೆಂಗಳೂರಲ್ಲಿ, ಮಗಳು ಗಂಡನ ಮನೆಯಲ್ಲಿ, ಊರಲ್ಲಿ ಉಳಿದಿರೋದು ವಯಸ್ಸಾದ ಅಪ್ಪ-ಅಮ್ಮ ಮಾತ್ರ. ದಾವಣಗೆರೆ, ಹರಿಹರ ತಾಲೂಕಿನ ಹಳ್ಳಿಗಳಲ್ಲಿ ಇಂಥ ಮನೆಗಳು ಈಗ ಸಾಮಾನ್ಯ. ಹಬ್ಬಕ್ಕೆ ಬಂದ ಮಕ್ಕಳು ಒಂದು ಸ್ಮಾರ್ಟ್‌ಫೋನ್ ಕೊಟ್ಟು ಹೋಗ್ತಾರೆ. ಬಳಸೋದು ಹೇಗೆ ಅಂತ ಹೇಳಿಕೊಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ಇದು ಬರೀ ಬೇಸರದ ಮಾತಲ್ಲ. ಒಂಟಿತನದಿಂದ ಹೃದಯದ ಕಾಯಿಲೆ, ಪಾರ್ಶ್ವವಾಯು ಅಪಾಯವೂ ಹೆಚ್ಚುತ್ತದೆ. ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್, ಹಳೇ ಗೆಳೆಯರ ವಾಟ್ಸಾಪ್ ಗ್ರೂಪ್, ಭಜನೆಯೋ ಸಂಘದ ಮೀಟಿಂಗೋ ಎಷ್ಟೊತ್ತಿಗೆ ಅನ್ನೋ ಮೆಸೇಜ್, ಇವೆಲ್ಲ ವಯಸ್ಸಾದವರನ್ನು ಜನರ ಜೊತೆ ಇಡುತ್ತವೆ. ಅದೇ ಫೋನ್ ಹಿಡಿದು ದಿನವಿಡೀ ಒಬ್ಬರೇ ರೀಲ್ಸ್ ನೋಡ್ತಾ ಕೂತರೆ, ಅರಳಿಕಟ್ಟೆಗೆ ಹೋಗೋದೂ ನಿಲ್ಲುತ್ತದೆ.

ಪಿಂಚಣಿಗೂ ಮೊಬೈಲೇ

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದು ಇಪಿಎಸ್-95 ಪಿಂಚಣಿ ಪಡೆಯೋರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲೇಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರ ನವೆಂಬರ್‌ನಲ್ಲಿ ‘ಜೀವನ್ ಪ್ರಮಾಣ್’ ಬಂದಾಗ ಬೆರಳಚ್ಚು ಕೊಟ್ಟರೆ ಸಾಕಿತ್ತು. ಆದರೆ ಲೇತ್ ಹಿಡಿದ, ಹೊಲದಲ್ಲಿ ಗೇದ ಕೈಗಳ ಗೆರೆ ಸವೆದಿರುತ್ತೆ, ಮಷಿನ್ ತಗೊಳ್ಳಲ್ಲ. 2021ರಿಂದ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ. ಆಂಡ್ರಾಯ್ಡ್ ಫೋನಿಗೆ ‘ಜೀವನ್ ಪ್ರಮಾಣ್’ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಆ್ಯಪ್ ಹಾಕಿಕೊಂಡರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಮೊಮ್ಮಗನ ಫೋನಾದ್ರೂ ಆಗುತ್ತೆ. ಇಪಿಎಸ್ ಪಿಂಚಣಿದಾರರು ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ.

ಹೆದರಿಸುವ ಫೋನ್ ಕರೆ

‘ಡಿಜಿಟಲ್ ಅರೆಸ್ಟ್’ ಅನ್ನೋದು ಕಾನೂನಿನಲ್ಲೇ ಇಲ್ಲ. ಪೊಲೀಸರು ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಬಂಧಿಸಲ್ಲ. ಒಟಿಪಿ, ಪಿನ್ ಯಾರಿಗೂ ಹೇಳಬಾರದು. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯೋಕೆ ಅವಕಾಶ ಹೆಚ್ಚು. ಮಕ್ಕಳು ಬೈತಾರೆ ಅಂತ ಹೆದರಿ ಸುಮ್ಮನಾದರೆ ಆ ಹೊತ್ತು ಕೈತಪ್ಪುತ್ತದೆ. ಮೋಸ ಹೋದರು ಅಂತ ಫೋನ್ ಕಿತ್ತುಕೊಳ್ಳೋದೂ ಪರಿಹಾರ ಅಲ್ಲ. ಹಾಗೆ ಮಾಡಿದರೆ ಇದ್ದ ನಾಲ್ಕು ಜನರ ಸಂಪರ್ಕವೂ ತಪ್ಪುತ್ತದೆ.

ಕಲಿಯೋದು ಎಲ್ಲಿ?

ಗ್ರಾಮ ಒನ್ ಕೇಂದ್ರಗಳು 2020ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ಅಲ್ಲಿ ಅರ್ಜಿ ಕೆಲಸ ಆಗುತ್ತದೆ, ಆದರೆ ಅದು ಮಾಡಿಕೊಡುವ ಜಾಗ, ಕಲಿಸುವ ಜಾಗ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬಂತಾ ಅಂತ ನೋಡೋಕೂ ಎಷ್ಟೋ ಅಜ್ಜಿಯರು ಇನ್ನೊಬ್ಬರ ಕೈಗೆ ಫೋನ್ ಕೊಡಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ವಾರಕ್ಕೆ ಒಂದು ಗಂಟೆ ಹಿರಿಯರಿಗೆ ಅಂತ ಮೀಸಲಿಟ್ಟರೆ ಇದು ಬದಲಾಗಬಹುದು.

ಮನೆಯವರು ಇವತ್ತೇ ಮಾಡಬಹುದಾದದ್ದೂ ಇದೆ. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಹಾಕಿ. ಓದು ಬರದವರಿಗೆ ವಾಯ್ಸ್ ಮೆಸೇಜ್ ಕಳಿಸೋದು, ಮೈಕ್ ಒತ್ತಿ ಕನ್ನಡದಲ್ಲೇ ಹುಡುಕೋದು ತೋರಿಸಿ. ಒಂದು ಸಲಕ್ಕೆ ಒಂದೇ ವಿಷಯ ಸಾಕು. ಫೋನ್ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಹೇಳಿ.

ಹಿರಿಯ ನಾಗರಿಕರ ಉಚಿತ ಸಹಾಯವಾಣಿ: 14567. ಸೈಬರ್ ವಂಚನೆ ದೂರಿಗೆ: 1930.