ಕಣ್ಣುಗುಳಿಯಲ್ಲಿ ಮರದ ಚೂರು

ಹುಡುಗನ ಎಡಗಣ್ಣಿನ ಮೇಲ್ರೆಪ್ಪೆ ಊದಿ ಕೆಂಪೇರಿದೆ. ರೆಪ್ಪೆಯ ಮೂಲೆಯ ಪುಟ್ಟ ಗಾಯದಿಂದ ಕೀವು ಒಸರುತ್ತಿದೆ.

"ಯಾವಾಗ ಆಯ್ತಮ್ಮ ಇದು?"

"ಬೇಲಿ ಹತ್ರ ಬಿದ್ದು ಎಂಟು ದಿನ ಆಯ್ತು ಡಾಕ್ಟ್ರೇ. ಮಾತ್ರೆ ತಗೊಂಡಾಗ ಇಳಿದಿತ್ತು, ಬಿಟ್ಮೇಲೆ ಮತ್ತೆ ಊದ್ಕೊಂತು."

ಈ ಮಾತಿಗೆ ವೈದ್ಯರ ಕಿವಿ ನಿಮಿರುತ್ತದೆ. ಮರದ ಬೇಲಿಯೇ? ಗೂಟ ಮುರಿದಿತ್ತೇ? ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸುತ್ತಾರೆ. ಟಾರ್ಚ್ ಬೆಳಕನ್ನು ಒಂದು ಪಾಪೆಯಿಂದ ಇನ್ನೊಂದಕ್ಕೆ ಹಾಯಿಸಿ ದೃಷ್ಟಿನರದ ಸ್ಥಿತಿ ನೋಡುತ್ತಾರೆ. ಬೆರಳು ಮೇಲೆತ್ತಿದರೆ ಬಲಗಣ್ಣು ಹಿಂಬಾಲಿಸುತ್ತದೆ, ಎಡಗಣ್ಣು ಅರ್ಧದಲ್ಲೇ ನಿಲ್ಲುತ್ತದೆ.

ದೊಡ್ಡವರಲ್ಲೂ ಕಣ್ಣುಗುಳಿಯ ಜಾಗ ಸುಮಾರು 30 ಮಿಲಿಲೀಟರ್ ಮಾತ್ರ. ಅಷ್ಟರಲ್ಲೇ ಕಣ್ಣುಗುಡ್ಡೆ, ಅದನ್ನು ಹೊರಳಿಸುವ ಆರು ಸ್ನಾಯುಗಳು, ದೃಷ್ಟಿನರ, ಕೊಬ್ಬು ಎಲ್ಲವೂ ಇವೆ. ಮೂಗಿನ ಕಡೆಯ ಗೋಡೆ ಕಾಗದದಷ್ಟು ತೆಳು. ಚಾವಣಿಯ ಆಚೆಗೆ ಮಿದುಳು. ಹೊರಗಿನ ಗಾಯ ನೋಡಿ ಒಳಗಿನ ಆಳ ಅಳೆಯಲಾಗದು.

ಸಾಮಾನ್ಯ ಎಕ್ಸ್‌ರೇಯಲ್ಲಿ ಮರ ಬಹುಮಟ್ಟಿಗೆ ಕಾಣುವುದೇ ಇಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲೂ ಮೋಸವಿದೆ. ಒಣಮರದ ರಂಧ್ರಗಳಲ್ಲಿ ಗಾಳಿ ತುಂಬಿರುವುದರಿಂದ ಚೂರು ಗಾಳಿಯಂತೆ ಕಪ್ಪಗೆ ಕಾಣುತ್ತದೆ. ದಿನ ಕಳೆದಂತೆ ಅದು ನೀರು ಹೀರಿ ಸುತ್ತಲಿನ ಮಾಂಸದ ಬೂದುಬಣ್ಣದಲ್ಲಿ ಬೆರೆತುಹೋಗುತ್ತದೆ. ಕತ್ತಲ ಕೋಣೆಯಲ್ಲಿ ರೇಡಿಯಾಲಜಿಸ್ಟ್ ಪರದೆಯ ಕಪ್ಪು-ಬಿಳುಪಿನ ಮಟ್ಟವನ್ನು ಹಿಗ್ಗಿಸುತ್ತಾ ಹೋಗುತ್ತಾರೆ. ಗಾಳಿಯೆಂದುಕೊಂಡಿದ್ದ ಕಪ್ಪಿನಲ್ಲಿ ನೇರ ಅಂಚು ಮೂಡುತ್ತದೆ. ಗಾಳಿಗೆ ಅಷ್ಟು ನೇರ ಅಂಚಿರುವುದಿಲ್ಲ. ಸಂಶಯ ಉಳಿದರೆ ಎಂಆರ್‌ಐ ಇದೆ, ಆದರೆ ಕಬ್ಬಿಣದ ಚೂರು ಒಳಗಿಲ್ಲವೆಂದು ಖಚಿತವಾದ ಮೇಲಷ್ಟೇ.

ಗಾಜಿನ ಚೂರು ತೊಂದರೆ ಕೊಡದಿದ್ದರೆ ಕೆಲವೊಮ್ಮೆ ಒಳಗೇ ಬಿಡುವುದುಂಟು. ಮರವನ್ನು ಹಾಗೆ ಬಿಡುವಂತಿಲ್ಲ. ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಮನೆಮಾಡುತ್ತವೆ. ಔಷಧಿ ಅಲ್ಲಿಗೆ ಸರಿಯಾಗಿ ತಲುಪದು. ಕೀವು ಮಿದುಳಿಗೂ ಹರಡಬಹುದು.

ಆಪರೇಷನ್ ಥಿಯೇಟರ್‌ನಲ್ಲಿ ಹುಡುಗ ಅರಿವಳಿಕೆಯ ನಿದ್ದೆಯಲ್ಲಿದ್ದಾನೆ. ಗಾಯ ಹಿಗ್ಗಿಸಿ, ಚೂರು ಹೊಕ್ಕ ದಾರಿಯಲ್ಲೇ ಶಸ್ತ್ರವೈದ್ಯರು ಸಾಗುತ್ತಾರೆ. ನೆನೆದ ಮರ ಬಿಗಿಹಿಡಿದರೆ ಪುಡಿಯಾಗುತ್ತದೆ, ಹಾಗಾಗಿ ಚಿಮಟದ ಹಿಡಿತ ಹಗುರ. ಕಂದುಬಣ್ಣದ ಸಿಬಿರು ಹೊರಬರುತ್ತದೆ. ಕೆಲಸ ಅಲ್ಲಿಗೆ ಮುಗಿಯದು. ಉಳಿದ ಎಳೆಗಳನ್ನು ಹುಡುಕಿ ತೆಗೆದು, ಲವಣಜಲದಿಂದ ತೊಳೆದು, ಕೀವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಂದೇ ಎಳೆ ಉಳಿದರೂ ಊತ ಮರಳಬಹುದು.

ಕಣ್ಣಿನ ಬಳಿ ಕಡ್ಡಿ ಚುಚ್ಚಿದರೆ ನೀವೇ ಎಳೆಯಬೇಡಿ, ಉಜ್ಜಬೇಡಿ, ಒತ್ತಬೇಡಿ. ಗಾಯ ಚಿಕ್ಕದೆಂದು ಮನೆಯಲ್ಲೇ ಉಳಿಯಬೇಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಮುರಿದ ಕಡ್ಡಿಯ ಉಳಿದ ತುಂಡು ಸಿಕ್ಕರೆ ಜೊತೆಗೆ ಒಯ್ಯಿರಿ. ಚುಚ್ಚಿದ್ದು ಮರ ಎಂಬ ನಿಮ್ಮ ಒಂದು ಮಾತು, ಸ್ಕ್ಯಾನ್ ನೋಡುವವರಿಗೆ ಏನನ್ನು ಹುಡುಕಬೇಕೆಂದು ತಿಳಿಸುತ್ತದೆ.